ನಾಲ್ಕು ಮಡಿಕೆಯ ದಾರ: ಮರದ ಅಳತೆಯಲ್ಲಿ ಮೂರು ಅಡಿ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ಈ ಸಲ ಹಳೆಯ ಸಿಲ್ವರ್ ಓಕ್ ಮರಗಳನ್ನು ತೆಗೆಸಿದೆವು. 30 ದಿಮ್ಮಿ ಆಯಿತು. ಜೊತೆಗೆ ಅನುಮತಿ ಪಡೆದು ಒಂದು ಹಲಸಿನ ಮರವನ್ನೂ ಕಡಿಸಿದೆವು. ವ್ಯಾಪಾರಿ 12 ಅಡಿ ಉದ್ದ, 48 ಇಂಚು ಸುತ್ತಳತೆಯ ದಿಮ್ಮಿಗೆ '12 ಸಿಎಫ್‌ಟಿ' (ಘನ ಅಡಿ) ಎಂದು ಬರೆದುಕೊಂಡರು. ಕಾಲೇಜಿನಲ್ಲಿ ಓದುವ ಮಗ ಲೆಕ್ಕ ಹಾಕಿ 15ಕ್ಕೂ ಜಾಸ್ತಿ ಬರಬೇಕು ಅನ್ನುತ್ತಾನೆ. ಹಲಸಿನ ದಿಮ್ಮಿ 8 ಅಡಿ ಉದ್ದ, 60 ಇಂಚು ಸುತ್ತು; ಅದರಲ್ಲಿ 6 ಇಂಚು ಅಗಲ, 4 ಅಡಿ ಆಳದ ಪೊಟರೆ ಇದೆ ಎಂದು ಇನ್ನೊಂದು ಘನ ಅಡಿ ಕಳೆದರು. ನಾವು ಮೋಸ ಹೋದೆವಾ? ಇನ್ನೊಂದು ವಿಷಯ. ಮಗಳು ಬೆಂಗಳೂರಿನಲ್ಲಿ ಊಟದ ಮೇಜು ಮಾಡಿಸುತ್ತಿದ್ದಾಳೆ. ಅಲ್ಲಿನವರು ಕೊಟ್ಟ ಚೀಟಿಯಲ್ಲಿ 'ವೈಟ್ ಓಕ್, ಎಫ್‌ಎಎಸ್, 4/4, ಬೋರ್ಡ್ ಫೂಟ್' ಎಂದಿದೆ. ಅದೇನು?

ಉತ್ತರ: ನಿಮ್ಮ ಮಗನ ಲೆಕ್ಕ ಸರಿ. ವ್ಯಾಪಾರಿಯ ಲೆಕ್ಕವೂ ಸರಿ. ಇಬ್ಬರೂ ಬೇರೆ ಬೇರೆ ಸೇರಿನಲ್ಲಿ ಅಳೆದಿದ್ದಾರೆ, ಅಷ್ಟೇ. ಆದರೆ ಪೊಟರೆಗೆ ಒಂದು ಅಡಿ ಕಳೆದರಲ್ಲ, ಅಲ್ಲಿ ನನಗೆ ತಕರಾರಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮೂವತ್ತು ವರ್ಷ ಸಾಮಿಲ್ಲಿನಲ್ಲಿ ಟೇಪು ಹಿಡಿದವನು. ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದ ಹಿರಿಯರೊಬ್ಬರು ಟೇಪನ್ನೇ ಮುಟ್ಟುತ್ತಿರಲಿಲ್ಲ. ಜೇಬಿನಲ್ಲಿ ಒಂದು ಸಣಬಿನ ದಾರ. ದಿಮ್ಮಿಯ ನಡುಮಧ್ಯಕ್ಕೆ ಅದನ್ನು ಸುತ್ತಿ, ಎರಡು ತುದಿ ಸೇರಿದ ಕಡೆ ಉಗುರಿನಿಂದ ಒತ್ತಿ ಹಿಡಿಯುತ್ತಿದ್ದರು. ಆಮೇಲೆ ದಾರವನ್ನು ಒಂದು ಸಲ ಮಡಿಸಿ, ಮತ್ತೊಂದು ಸಲ ಮಡಿಸಿ, ಅಡಿಕೋಲಿನ ಮೇಲೆ ಇಡುತ್ತಿದ್ದರು. ಬಂದ ಇಂಚನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಮುಗಿಯಿತು. ಅದೇ ಕ್ವಾರ್ಟರ್ ಗರ್ತ್, ಅಂದರೆ ಸುತ್ತಳತೆಯ ಕಾಲು ಭಾಗದ ಲೆಕ್ಕ. ನಿಮ್ಮ ದಿಮ್ಮಿಯ ಸುತ್ತು 48, ನಾಲ್ಕು ಮಡಿಕೆಗೆ 12. ಹನ್ನೆರಡು ಹನ್ನೆರಡಲ 144, ಅದನ್ನು 12 ಅಡಿಯಿಂದ ಗುಣಿಸಿ 144ರಿಂದ ಭಾಗಿಸಿದರೆ 12 ಸಿಎಫ್‌ಟಿ.

ಈ ಲೆಕ್ಕ ನಮ್ಮೂರಿನ ವ್ಯಾಪಾರಿಗಳು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ ಎಡ್ವರ್ಡ್ ಹೋಪಸ್ ಎಂಬ ಸರ್ವೆಯರ್ 1736ರಲ್ಲಿ ಇದರ ಕೋಷ್ಟಕಗಳನ್ನು ಅಚ್ಚು ಹಾಕಿಸಿದ. ಬ್ರಿಟಿಷರ ಜೊತೆ ಅದು ಇಲ್ಲಿಗೆ ಬಂತು. ಅವರು ಹೋದರೂ ಲೆಕ್ಕ ಉಳಿಯಿತು. ಇವತ್ತಿಗೂ ಇದನ್ನು 'ಹೋಪಸ್ ಅಳತೆ' ಎನ್ನುವವರಿದ್ದಾರೆ. ಬರ್ಮಾ ತೇಗದ ವ್ಯಾಪಾರ ಬಹುಕಾಲ 'ಹೋಪಸ್ ಟನ್' ಮೇಲೆ ನಡೆಯಿತು. ಟನ್ ಎಂದರೂ ಅದು ತೂಕವಲ್ಲ, 50 ಹೋಪಸ್ ಅಡಿ.

ನಿಮ್ಮ ಮಗ ಮಾಡಿದ್ದು ಸ್ಕೂಲಿನ ಲೆಕ್ಕ: ದುಂಡನೆಯ ಕಂಬದ ಪೂರ್ತಿ ಘನ ಅಳತೆ. ಅದು 15.28 ಬರುತ್ತದೆ. ಕ್ವಾರ್ಟರ್ ಗರ್ತ್‌ನಲ್ಲಿ ಸಿಗುವುದು ಅದರ ಶೇ. 78.5 ಮಾತ್ರ. ದಿಮ್ಮಿ ಸಣ್ಣದಿರಲಿ, ದೊಡ್ಡದಿರಲಿ, ಈ ಪ್ರಮಾಣ ಬದಲಾಗುವುದಿಲ್ಲ. ಉಳಿದ ಐದನೇ ಒಂದು ಭಾಗ ಎಲ್ಲಿ ಹೋಯಿತು ಎಂದರೆ, ಕುಯ್ಯುವಾಗ ಹೋಗುವ ಪಕ್ಕದ ಚಕ್ಕೆಗೆ, ಹೊಟ್ಟಿಗೆ ಎಂದು ಮೊದಲೇ ಬಿಟ್ಟುಕೊಟ್ಟ ಹಾಗೆ. ಇದರಲ್ಲಿ ನ್ಯಾಯ ಇಲ್ಲದಿಲ್ಲ. ಇದೇ ದಿಮ್ಮಿಯನ್ನು ನಾಲ್ಕೂ ಕಡೆ ಕುಯ್ದು ಚೌಕ ತೊಲೆ ಮಾಡಿ ನೋಡಿ. ಅಂಚು ಮುರಿಯದ ಚೌಕ 10.8 ಇಂಚಿನದು ಮಾತ್ರ ಬರುತ್ತದೆ, ಅಂದರೆ 9.7 ಸಿಎಫ್‌ಟಿ. ಮರದಲ್ಲಿ ಇರುವುದು 15, ಚೌಕದಲ್ಲಿ ಸಿಗುವುದು 9.7, ಚೀಟಿಯಲ್ಲಿ 12. ಮಾರುವವನಿಗೂ ಕೊಳ್ಳುವವನಿಗೂ ನಡುವಿನಲ್ಲಿ ನಿಂತ ಅಳತೆ ಇದು.

ಮುಖ್ಯವಾದದ್ದು ದರ. ಪೇಟೆಯಲ್ಲಿ 'ಸಿಎಫ್‌ಟಿಗೆ ಇಷ್ಟು' ಎಂದು ಹೇಳುವ ದರ ಈ 12ರ ಲೆಕ್ಕಕ್ಕೇ ಕಟ್ಟಿದ್ದು. ಲೆಕ್ಕಕ್ಕೆ ಸುಮ್ನೆ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. 12 ಅಡಿಗೆ 1,200 ರೂಪಾಯಿ. ನೀವು ಹಟ ಹಿಡಿದು 15.28 ಅಳತೆ ಬರೆಸಿದರೆ ವ್ಯಾಪಾರಿ ದರವನ್ನು 78.50ಕ್ಕೆ ಇಳಿಸುತ್ತಾನೆ. ಕೈಗೆ ಬರುವುದು ಅದೇ 1,200. ಮೋಸ ಆಗುವುದು ಇವೆರಡನ್ನು ಬೆರೆಸಿದಾಗ. ಒಬ್ಬ ಪೂರ್ತಿ ಅಳತೆಯ ಕಡಿಮೆ ದರ ಹೇಳಿ, ತೋಟಕ್ಕೆ ಬಂದು ಕ್ವಾರ್ಟರ್ ಗರ್ತ್ ಅಳೆದರೆ ನಿಮ್ಮ ಐದರಲ್ಲಿ ಒಂದು ಪಾಲು ಹೋಯಿತು. ಹಾಗಾಗಿ ದರ ಕೇಳುವಾಗಲೇ ಒಂದು ಮಾತು ಕೇಳಿ: '144ರಲ್ಲಿ ಭಾಗಿಸ್ತೀರಾ, 113ರಲ್ಲಾ?' ಅದೇ ನಾಲ್ಕು ಮಡಿಕೆಯ ಲೆಕ್ಕವನ್ನು 144ರ ಬದಲು 113ರಿಂದ ಭಾಗಿಸಿದರೆ ಪೂರ್ತಿ ಅಳತೆ ಬರುತ್ತದೆ. ಈ ಪ್ರಶ್ನೆ ಕೇಳಿದ ತಕ್ಷಣ ಎದುರಿನವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನೋಡಿದ್ದೇನೆ.

ಇನ್ನು ಟೇಪು. ಸೂತ್ರದ ಬಗ್ಗೆ ಜಗಳ ಆಡುವವರು ಟೇಪು ಎಲ್ಲಿ ಕೂತಿದೆ ಎಂದು ನೋಡುವುದೇ ಇಲ್ಲ. ನನ್ನ ಅನುಭವದಲ್ಲಿ ದುಡ್ಡು ಹೋಗುವುದೇ ಅಲ್ಲಿ.

ಸುತ್ತಳತೆಯನ್ನು ಲೆಕ್ಕದಲ್ಲಿ ಅದರಿಂದಲೇ ಗುಣಿಸುತ್ತೇವೆ. ಅದಕ್ಕೇ ಸುತ್ತಿನಲ್ಲಿ ಆದ ತಪ್ಪು ದುಪ್ಪಟ್ಟಾಗುತ್ತದೆ. ತೊಗಟೆಗೆಂದು 48ರಲ್ಲಿ 3 ಇಂಚು ಕಳೆದು 45 ಎಂದು ಬರೆದರೆ, 12 ಸಿಎಫ್‌ಟಿ ಇದ್ದದ್ದು 10.55 ಆಗುತ್ತದೆ. ಸುತ್ತಿನಲ್ಲಿ ಕಳೆದದ್ದು ಶೇ. 6, ಮರದಲ್ಲಿ ಹೋದದ್ದು ಶೇ. 12. ತೊಗಟೆ ಕಳೆಯುವುದು ತಪ್ಪಲ್ಲ. ತೊಗಟೆಯನ್ನು ಯಾರೂ ಬಾಗಿಲು ಮಾಡುವುದಿಲ್ಲ. ಮತ್ತಿ ಮರ ನೋಡಿದ್ದೀರಲ್ಲ, ಮೊಸಳೆ ಬೆನ್ನಿನ ಹಾಗೆ ದಪ್ಪ ತೊಗಟೆ. ಮಿಲ್ಲಿಗೆ ಸೇರಿದ ಹೊಸದರಲ್ಲಿ ನಾನೇ ಒಂದು ಮತ್ತಿ ದಿಮ್ಮಿಯನ್ನು ತೊಗಟೆಯ ಮೇಲೇ ಅಳೆದು ಖರೀದಿ ಬರೆದು, ಮಾಲೀಕರಿಂದ ಸರಿಯಾಗಿ ಬೈಸಿಕೊಂಡಿದ್ದೆ. ಆದರೆ ಕಣ್ಣಂದಾಜಿನಲ್ಲಿ ಕಳೆಯುವುದನ್ನು ಒಪ್ಪಬೇಡಿ. ಮಧ್ಯದಲ್ಲಿ ಕೈಯಗಲದ ಪಟ್ಟಿಯಷ್ಟು ತೊಗಟೆಯನ್ನು ಕತ್ತಿಯಿಂದ ಸುತ್ತ ಕೆತ್ತಿಸಿ, ಬಿಳಿ ಮರದ ಮೇಲೆ ಟೇಪು ಹಾಕಿಸಿ. ಒಂದು ದಿಮ್ಮಿಗೆ ಎರಡು ನಿಮಿಷದ ಕೆಲಸ.

ಎಲ್ಲಿ ಅಳೆಯಬೇಕು? ಉದ್ದದ ಸರಿ ಮಧ್ಯದಲ್ಲಿ. ಬುಡದಲ್ಲಿ 60, ತುದಿಯಲ್ಲಿ 36 ಇರುವ ದಿಮ್ಮಿಯ ಮಧ್ಯ ಸುಮಾರು 48. ಅದನ್ನು ತುದಿಯಲ್ಲಿ ಅಳೆದರೆ 12 ಅಡಿ ಉದ್ದಕ್ಕೆ ಬರುವುದು 6.75 ಸಿಎಫ್‌ಟಿ ಮಾತ್ರ. ಹೆಚ್ಚುಕಡಿಮೆ ಅರ್ಧ ಮರ ಮಾಯ! ಮಧ್ಯದಲ್ಲಿ ಗಂಟು ಉಬ್ಬಿದ್ದರೆ, ಅದರ ಎರಡೂ ಪಕ್ಕ ಸಮ ದೂರದಲ್ಲಿ ಅಳೆದು ಸರಾಸರಿ ತೆಗೆಯುವುದು ಪದ್ಧತಿ. ಟೇಪು ಓರೆಯಾಗಿದ್ದರೆ ಸುತ್ತು ಜಾಸ್ತಿ ತೋರಿಸುತ್ತದೆ. ಆಗ ವ್ಯಾಪಾರಿಯೇ ಸರಿಪಡಿಸುತ್ತಾನೆ ಬಿಡಿ, ನೀವು ಹೇಳಬೇಕಾಗಿಲ್ಲ. ತೇಗದ ಬುಡದಲ್ಲಿ ಏಣುಗಳಿರುತ್ತವೆ. ಏಣಿನಿಂದ ಏಣಿಗೆ ಟೇಪು ಎಳೆದಾಗ ನಡುವಿನ ತಗ್ಗೂ ಮರವೆಂದೇ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಸ್ವಲ್ಪ ಕಳೆಯಲು ಕೇಳಿದರೆ ಅದು ನ್ಯಾಯವೇ.

ಚಿಲ್ಲರೆ ಇಂಚಿನ ಕಥೆ ಇನ್ನೊಂದು. 47ಮುಕ್ಕಾಲು ಬಂದರೆ 47 ಎಂದೇ ಬರೆಯುವುದು ರೂಢಿ. ಒಂದು ದಿಮ್ಮಿಗೆ ಸರಾಸರಿ ಅರ್ಧ ಇಂಚು ಹೋಯಿತು ಎಂದುಕೊಂಡರೂ ಈ ಗಾತ್ರಕ್ಕೆ ಕಾಲು ಸಿಎಫ್‌ಟಿ. ನಿಮ್ಮ 30 ದಿಮ್ಮಿಗೆ ಏಳೂವರೆ. ಉದ್ದದಲ್ಲಿ ಮಾತ್ರ ಮೂರು ನಾಲ್ಕು ಇಂಚು ಬಿಡುವುದು ಸರಿ, ಯಾಕೆಂದರೆ ಮಿಲ್ಲಿನಲ್ಲಿ ಎರಡೂ ತುದಿಯನ್ನು ಕತ್ತರಿಸಿ ನೇರ ಮಾಡಲೇಬೇಕು. ಆದರೆ 12 ಅಡಿ 10 ಇಂಚನ್ನು 12 ಎಂದು ಬರೆದರೆ ಅದು ರೂಢಿಯಲ್ಲ, ಜಾಣತನ. ಮರ ಕಡಿಸುವಾಗಲೇ ಗರಗಸದವರಿಗೆ ಹೇಳಿ: 12 ಅಡಿ 3 ಇಂಚಿಗೆ ಕತ್ತರಿಸಿ, ಮನಸ್ಸಿಗೆ ಬಂದಲ್ಲಿ ಅಲ್ಲ ಎಂದು.

ಉದ್ದ ದಿಮ್ಮಿಯನ್ನು ತುಂಡು ಮಾಡಿ ಅಳೆಸಿದರೆ ಲಾಭ ಎಂದು ಸಂತೆಯಲ್ಲಿ ಯಾರೋ ಹೇಳಿರುತ್ತಾರೆ. ಲಾಭ ಇದೆ, ಆದರೆ ಚಿಟಿಕೆಯಷ್ಟು. ಬುಡ 60, ತುದಿ 40 ಇರುವ 20 ಅಡಿ ದಿಮ್ಮಿ ಒಟ್ಟಿಗೆ 21.7 ಬರುತ್ತದೆ. ಎರಡು ಮಾಡಿ ಅಳೆದರೆ 21.9. ಈ ಚಿಟಿಕೆಗೋಸ್ಕರ ಉದ್ದ ತೊಲೆಗೆ ಆಗುತ್ತಿದ್ದ ಮರವನ್ನು ಕತ್ತರಿಸಬೇಡಿ. ಉದ್ದ ಮತ್ತು ದಪ್ಪ ಇರುವ ಮರಕ್ಕೆ ದರವೇ ಬೇರೆ.

ನಮ್ಮಲ್ಲಿ 'ಗ್ರೇಡು' ಅನ್ನುವುದು ಹೆಚ್ಚಾಗಿ ಅದೇ. ಅರಣ್ಯ ಇಲಾಖೆಯ ನಾಟಾ ಡಿಪೋಗೆ ಹೋಗಿ, ಕುಶಾಲನಗರದ ಹತ್ತಿರ ಆನೆಕಾಡಿನಲ್ಲೇ ಇದೆಯಲ್ಲ, ದಿಮ್ಮಿಗಳನ್ನು ಜಾತಿವಾರು ಲಾಟು ಮಾಡಿ ಇಟ್ಟಿರುತ್ತಾರೆ. ದಿಮ್ಮಿಯ ತಲೆಯ ಮೇಲೆ, ಅಂದರೆ ಕತ್ತರಿಸಿದ ತುದಿಯ ಮೇಲೆ, ನಂಬರು, ಉದ್ದ, ಸುತ್ತು. ಅಲ್ಲಿ ಅಳತೆ ಕ್ಯೂಬಿಕ್ ಮೀಟರಿನಲ್ಲಿ. ಒಂದು ಕ್ಯೂಬಿಕ್ ಮೀಟರಿಗೆ 35.3 ಸಿಎಫ್‌ಟಿ. ನಿಮ್ಮ 12 ಸಿಎಫ್‌ಟಿ ದಿಮ್ಮಿ ಅಲ್ಲಿದ್ದರೆ 0.34 ಎಂದು ಬರೆಯುತ್ತಿದ್ದರು. ಹರಾಜಿಗೆ ಬರುವ ಅನುಭವಸ್ಥರು ನಂಬರನ್ನು ಓದಿ ಸುಮ್ಮನಾಗುವುದಿಲ್ಲ. ತಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೇಗು (ನಡುವಿನ ಗಟ್ಟಿ ಮರ) ಎಷ್ಟಗಲ ಇದೆ, ಸುತ್ತಲಿನ ಬಿಳಿ ಎಷ್ಟು, ನಡುವಿನಿಂದ ಸೀಳು ಎಲ್ಲಿಯವರೆಗೆ ಓಡಿದೆ ಎಂದು ನೋಡುತ್ತಾರೆ. ಬೀಟೆಯಲ್ಲಿ, ಹೊನ್ನೆಯಲ್ಲಿ ದುಡ್ಡು ಇರುವುದು ಚೇಗಿಗೆ. ಒಂದೇ ಸುತ್ತಳತೆಯ ಎರಡು ದಿಮ್ಮಿ ಅಕ್ಕಪಕ್ಕ ಮಲಗಿದ್ದು, ಒಂದರ ದರ ಇನ್ನೊಂದಕ್ಕಿಂತ ಎಷ್ಟೋ ಮೇಲೆ ಹೋಗುವುದು ಇದಕ್ಕೇ.

ಸಿಲ್ವರ್ ಓಕ್‌ಗೆ ಇಷ್ಟೆಲ್ಲ ನೋಡುವುದಿಲ್ಲ. ನೇರ ಇದೆಯಾ, ದಪ್ಪ ಇದೆಯಾ, ಗಂಟು ಕಡಿಮೆಯಾ, ಮುಗಿಯಿತು. ಕಾಳುಮೆಣಸು ಬಳ್ಳಿ ಹಬ್ಬಿಸಲು ಕೊಂಬೆ ಸವರುತ್ತಾ ಬಂದ ಮರ ಆದ್ದರಿಂದ ಸವರಿದ ಕಡೆ ಒಳಗೆ ಗಂಟು ಇದ್ದೇ ಇರುತ್ತದೆ. ಸಣ್ಣಗಿರುವಾಗಲೇ ಕಾಂಡಕ್ಕೆ ಒತ್ತಿ ಸವರಿದರೆ ಗಂಟು ಒಳಗೇ ಮುಚ್ಚಿಹೋಗುತ್ತದೆ. ಗೇಣುದ್ದ ಮೋಟು ಬಿಟ್ಟು ಸವರಿದರೆ ಸತ್ತ ಗಂಟಾಗಿ ಹಲಗೆಯಲ್ಲಿ ಉದುರುತ್ತದೆ. ಮುಂದಿನ ಮರಗಳಿಗಾದರೂ ಇದು ನೆನಪಿರಲಿ.

ಸಿಲ್ವರ್ ಓಕನ್ನು ಕೆಲವರು ಟನ್ ಲೆಕ್ಕದಲ್ಲೂ ಕೇಳುತ್ತಾರೆ. ತೂಕಕ್ಕೆ ಕೊಡುವುದಾದರೆ ಕಡಿದ ವಾರದಲ್ಲೇ ಲಾರಿ ಹತ್ತಿಸಿ. ಹಸಿ ಮರದ ತೂಕದಲ್ಲಿ ದೊಡ್ಡ ಪಾಲು ನೀರು. ಬಿಸಿಲಿಗೆ ಬಿದ್ದರೆ ದಿನದಿನಕ್ಕೆ ನಿಮ್ಮ ದುಡ್ಡೇ ಆವಿಯಾಗುತ್ತದೆ. ಸಿಎಫ್‌ಟಿಗೆ ಕೊಡುವುದಾದರೆ ಆ ಅವಸರ ಇಲ್ಲ. ಲಾರಿ ಬರುವುದು ನಾಳೆ, ನಾಡಿದ್ದು ಎಂದು ತಳ್ಳುತ್ತಲೇ ಇದ್ದರೆ ಅಳತೆಯನ್ನಾದರೂ ಮೊದಲು ಮುಗಿಸಿ, ಪ್ರತಿ ದಿಮ್ಮಿಯ ತಲೆಗೆ ನಂಬರು ಹಾಕಿಸಿ, ಪಟ್ಟಿಯ ಒಂದು ಪ್ರತಿ ನೀವಿಟ್ಟುಕೊಳ್ಳಿ.

ಈಗ ಪೊಟರೆಗೆ ಬರೋಣ. ನಿಮ್ಮ ಹಲಸಿನ ದಿಮ್ಮಿ 8 ಅಡಿ ಉದ್ದ, 60 ಇಂಚು ಸುತ್ತು ಎಂದು ಬರೆದಿದ್ದೀರಿ. ನಾಲ್ಕು ಮಡಿಕೆಗೆ 15, ಒಟ್ಟು 12.5 ಸಿಎಫ್‌ಟಿ. ತೂತು 6 ಇಂಚು ಅಗಲ, 4 ಅಡಿ ಆಳ. ವ್ಯಾಪಾರಿ 6ನ್ನು 6ರಿಂದ, ಮತ್ತೆ 4ರಿಂದ ಗುಣಿಸಿ 144ರಿಂದ ಭಾಗಿಸಿ ಸರಿಯಾಗಿ 1 ಸಿಎಫ್‌ಟಿ ಕಳೆದಿದ್ದಾರೆ. ನೋಡಲು ಅಚ್ಚುಕಟ್ಟಾಗಿದೆ. ಆದರೆ ಗಮನಿಸಿ. ಮರ ಅಳೆಯುವಾಗ ದುಂಡನ್ನು ನಾಲ್ಕು ಮಡಿಕೆಯಲ್ಲಿ ಹಿಡಿದು ಐದರಲ್ಲಿ ಒಂದು ಪಾಲು ಬಿಟ್ಟರು. ತೂತು ಅಳೆಯುವಾಗ ದುಂಡು ತೂತನ್ನು ಚೌಕ ಮಾಡಿ ಪೂರ್ತಿ ಹಿಡಿದರು. ಇರುವ ಮರಕ್ಕೆ ಸಣ್ಣ ಸೇರು, ಇಲ್ಲದ ಮರಕ್ಕೆ ದೊಡ್ಡ ಸೇರು! ತೂತಿಗೂ ಅದೇ ದಾರ ಹಿಡಿದರೆ 6 ಇಂಚು ಅಗಲದ ದುಂಡಿನ ಸುತ್ತು ಸುಮಾರು 18.85, ನಾಲ್ಕು ಮಡಿಕೆಗೆ 4.7. ಕಳೆಯಬೇಕಾದದ್ದು 0.62 ಸಿಎಫ್‌ಟಿ. ವ್ಯಾಪಾರಿಯ ಕಡೆಯ ವಾದವೂ ಇದೆ: ತೂತಿನ ಸುತ್ತ ಒಂದೆರಡು ಇಂಚು ಮೆತ್ತಗೆ ಕೊಳೆತಿರುತ್ತದೆ, ಅದೂ ಹಲಗೆಗೆ ಬರುವುದಿಲ್ಲ. ಹಾಗಿದ್ದರೆ ಕೊಳೆತಷ್ಟನ್ನೂ ಸೇರಿಸಿ ಅಳೆಯಲಿ, ಆದರೆ ಅದೇ ಸೂತ್ರದಲ್ಲಿ. ತೂತಿನ ಆಳ ನೋಡಲು ಒಂದು ಬಿದಿರು ಕಡ್ಡಿ ಸಾಕು. ಬರೀ ಕಣ್ಣಿನಲ್ಲಿ ನೋಡಿ 4 ಅಡಿ ಎಂದರೆ ನಂಬಬೇಡಿ. ನಾನೂ ಒಮ್ಮೆ ಎರಡೂ ತಲೆ ಗಟ್ಟಿ ಇರುವ ಹಲಸಿನ ದಿಮ್ಮಿ ತಂದು, ಬ್ಯಾಂಡ್ ಸಾಗೆ ಹಾಕಿದಾಗ ನಡುವಿನಲ್ಲಿ ಕೈ ತೂರುವಷ್ಟು ಟೊಳ್ಳು ಕಂಡು ತಲೆ ಮೇಲೆ ಕೈ ಇಟ್ಟುಕೊಂಡಿದ್ದೇನೆ. ಕೊಳ್ಳುವವನಿಗೂ ಭಯ ಇರುತ್ತದೆ, ಅಲ್ವಾ?

ಕುಯ್ದ ಮರಕ್ಕೆ ಇಷ್ಟು ತಲೆನೋವಿಲ್ಲ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 5 ಇಂಚು 3 ಇಂಚಿನ ದಾರಂದಕ್ಕೆ 7 ಅಡಿಯದು ಎರಡು, ಮೂರೂವರೆ ಅಡಿಯದು ಎರಡು, ಒಟ್ಟು 21 ಅಡಿ, ಅದು 2.19 ಸಿಎಫ್‌ಟಿ. ಒಂದು ಎಚ್ಚರ: ನೀವು ದುಡ್ಡು ಕೊಡುವುದು 3 ಇಂಚಿಗೆ, ಕೀಸುಳಿ ಹೊಡೆದು ಮುಗಿಸಿದ ಮೇಲೆ ಕೈಗೆ ಬರುವುದು ಅದಕ್ಕಿಂತ ಕಡಿಮೆ. ರೀಪರನ್ನು, ಅಂದರೆ ಸಣ್ಣ ಮರದ ಪಟ್ಟಿಯನ್ನು, ರನ್ನಿಂಗ್ ಫೀಟಿನಲ್ಲಿ, ಬರೀ ಉದ್ದದ ಲೆಕ್ಕದಲ್ಲಿ ಕೊಡುತ್ತಾರೆ. ಅಲ್ಲಿ ಅಗಲ ದಪ್ಪ ಎರಡನ್ನೂ ನೀವೇ ಟೇಪು ಹಾಕಿ ನೋಡಿ.

ಇಷ್ಟು ಗೊತ್ತಾದರೆ ಮಗಳ ಚೀಟಿ ಸುಲಭ. ವೈಟ್ ಓಕ್ ಅಮೆರಿಕದ ಮರ, ನಿಮ್ಮ ಸಿಲ್ವರ್ ಓಕ್ ಅಲ್ಲ. ಬೋರ್ಡ್ ಫೂಟ್ ಎಂದರೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ. ಹನ್ನೆರಡು ಸೇರಿದರೆ ಒಂದು ಸಿಎಫ್‌ಟಿ. ಬೆಂಗಳೂರಿನ ದರವನ್ನು ನಮ್ಮೂರಿನ ದರದ ಜೊತೆ ಹೋಲಿಸುವ ಮೊದಲು 12ರಿಂದ ಗುಣಿಸಿ. ಬೋರ್ಡ್ ಫೂಟಿನ ದರ ನೋಡಿ 'ಅಗ್ಗ' ಎಂದುಕೊಂಡವರನ್ನು ನೋಡಿದ್ದೇನೆ. 4/4 ಎಂದರೆ ದಪ್ಪ. ಅಮೆರಿಕದವರು ದಪ್ಪವನ್ನು ಕಾಲು ಇಂಚಿನಲ್ಲಿ ಎಣಿಸುತ್ತಾರೆ. ನಾಲ್ಕು ಕಾಲು ಒಂದು ಇಂಚು, 5/4 ಎಂದರೆ ಒಂದೂಕಾಲು, 8/4 ಎಂದರೆ ಎರಡು.

ಎಫ್‌ಎಎಸ್ ಅನ್ನುವುದು 'ಫರ್ಸ್ಟ್ಸ್ ಅಂಡ್ ಸೆಕೆಂಡ್ಸ್', ಅವರ ಮೇಲಿನ ದರ್ಜೆ. ಇದರ ನಿಯಮ ಮಾಡಿದ್ದು ಅಲ್ಲಿನ ನ್ಯಾಷನಲ್ ಹಾರ್ಡ್‌ವುಡ್ ಲಂಬರ್ ಅಸೋಸಿಯೇಷನ್. 1898ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಸಂಘ. ನನಗೆ ಇಷ್ಟವಾದದ್ದು ಏನೆಂದರೆ, ಅವರ ದರ್ಜೆ 'ಚೆನ್ನಾಗಿದೆ, ಪರವಾಗಿಲ್ಲ' ಎಂಬ ಮಾತಲ್ಲ, ಅದೂ ಒಂದು ಅಳತೆಯೇ. ಹಲಗೆಯಿಂದ ಗಂಟು, ಬಿರುಕು ಬಿಟ್ಟು ಎಷ್ಟು ಶುದ್ಧ ತುಂಡು ಕತ್ತರಿಸಬಹುದು ಎಂದು ಎಣಿಸುತ್ತಾರೆ. 8 ಇಂಚು ಅಗಲ, 12 ಅಡಿ ಉದ್ದದ ಹಲಗೆ ತೆಗೆದುಕೊಳ್ಳಿ. ಇಂಚು ಅಗಲ ಅಡಿ ಉದ್ದದ ಪಟ್ಟಿಯನ್ನು ಒಂದು ಮನೆ ಎಂದುಕೊಂಡರೆ ಇದರಲ್ಲಿ 96 ಮನೆ. ಎಫ್‌ಎಎಸ್ ಆಗಲು 12ಕ್ಕೆ 10ರಂತೆ 80 ಮನೆ ಶುದ್ಧವಾಗಿರಬೇಕು, ಅದೂ ಈ ಹಲಗೆಯಲ್ಲಿ ಎರಡೇ ತುಂಡಿನಲ್ಲಿ ಸಿಗಬೇಕು. ಒಂದು ಪೂರ್ತಿ ಅಗಲದ 6 ಅಡಿ ತುಂಡು ಸಿಕ್ಕರೆ 48. ಇನ್ನೊಂದು ಕಡೆ 7 ಇಂಚು ಅಗಲದ 5 ಅಡಿ ಸಿಕ್ಕರೆ 35. ಒಟ್ಟು 83, ಪಾಸು. ನೋಡುವುದು ಚಂದದ ಮುಖವನ್ನಲ್ಲ, ಕೆಟ್ಟ ಮುಖವನ್ನು. ಅದರ ಕೆಳಗಿನ ನಂಬರ್ 1 ಕಾಮನ್ ದರ್ಜೆಗೆ 12ಕ್ಕೆ 8 ಸಾಕು, ತುಂಡೂ ಸಣ್ಣದಿರಬಹುದು.

ಹಾಗಾದರೆ ಮಗಳಿಗೆ ಎಫ್‌ಎಎಸ್ ಬೇಕಾ? ಮೇಜಿನ ಮೇಲ್ಭಾಗಕ್ಕೆ ಬೇಕು, ಅಲ್ಲಿ 6 ಅಡಿ ಉದ್ದದ ಹಲಗೆ ಬೇಕಲ್ಲ. ಕಾಲಿಗೆ, ಅಡ್ಡಪಟ್ಟಿಗೆ ಕೆಳಗಿನ ದರ್ಜೆಯ ಮರದಲ್ಲೇ ಬೇಕಾದಷ್ಟು ಶುದ್ಧ ತುಂಡು ಸಿಗುತ್ತವೆ. ಎಲ್ಲಕ್ಕೂ ಮೇಲಿನ ದರ್ಜೆ ಬರೆದಿದ್ದರೆ ಯಾಕೆ ಎಂದು ಕೇಳಲಿ. ಅಳತೆ ಒಣಗಿಸುವ ಮೊದಲಿನದಾ, ಆಮೇಲಿನದಾ ಎಂದೂ ಕೇಳಲಿ. ಕಿಲ್ನ್‌ನಲ್ಲಿ, ಅಂದರೆ ಮರ ಒಣಗಿಸುವ ಗೂಡಿನಲ್ಲಿ, ಒಣಗುವಾಗ ಶೇ. 7-8ರಷ್ಟು ಅಳತೆ ಕುಗ್ಗುತ್ತದೆ. ಮೇಜು ಕೊಡಗಿಗೆ ಬರುವುದಾದರೆ ಇನ್ನೊಂದು ಮಾತು: ಅಷ್ಟು ಒಣಗಿಸಿದ ಮರ ನಮ್ಮ ಜೂನ್-ಜುಲೈ ಮಳೆಯಲ್ಲಿ ಗಾಳಿಯ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ಮೇಲ್ಭಾಗವನ್ನು ಚೌಕಟ್ಟಿಗೆ ಬಿಗಿದು ಅಂಟಿಸದೆ, ಸರಿದಾಡಲು ಜಾಗ ಇಟ್ಟು ಕೂರಿಸಲು ಬಡಗಿಗೆ ಹೇಳಲಿ.

ಆದರೂ ಒಂದು ಮಾತು ಕೇಳಲೇ? 6 ಅಡಿ ಉದ್ದ 3 ಅಡಿ ಅಗಲದ, ಇಂಚು ದಪ್ಪದ ಮೇಲ್ಭಾಗಕ್ಕೆ ಬೇಕಾದದ್ದು 18 ಬೋರ್ಡ್ ಫೂಟ್, ನಮ್ಮ ಲೆಕ್ಕದಲ್ಲಿ ಒಂದೂವರೆ ಸಿಎಫ್‌ಟಿ. ನಿಮ್ಮ ಹಲಸಿನ ದಿಮ್ಮಿಯ ನಡುಭಾಗವನ್ನು ಪೂರ್ತಿ ಬಿಟ್ಟರೂ, ಪೊಟರೆಯ ಸುತ್ತಲಿನ ಗಟ್ಟಿ ಮರದಲ್ಲೇ 8 ಅಡಿ ಉದ್ದದ ಹಲಗೆಗಳು ಬರುತ್ತವೆ. 60 ಇಂಚು ಸುತ್ತು ಎಂದರೆ 19 ಇಂಚು ಅಗಲ, ತೂತು ನಡುವಿನ 6 ಇಂಚು ಮಾತ್ರ. ಎಷ್ಟು ಹೊಟ್ಟು ಹೋದರೂ ಮೂರು ನಾಲ್ಕು ಸಿಎಫ್‌ಟಿ ಒಳ್ಳೆ ಹಳದಿ ಹಲಗೆ ಸಿಗುತ್ತದೆ. ವ್ಯಾಪಾರಿ ಇನ್ನೂ ಆ ದಿಮ್ಮಿಯನ್ನು ಲಾರಿಗೆ ಹಾಕಿಲ್ಲ ಎಂದಾದರೆ ಹಿಡಿದುಕೊಳ್ಳಿ. ಈಗಲೇ ಎರಡೂ ತಲೆಗೆ ಹಳೇ ಪೇಂಟ್ ಬಳಿಸಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ಒಂದೂಕಾಲು ಇಂಚಿಗೆ ಕುಯ್ಸಿ, ಹಲಗೆ ಹಲಗೆಯ ನಡುವೆ ರೀಪರ್ ತುಂಡು ಕೊಟ್ಟು, ಗಾಳಿ ಆಡುವ ನೆರಳಿನಲ್ಲಿ ಜೋಡಿಸಿಡಿ. ಒಣಗಲು ಇಂಚು ದಪ್ಪಕ್ಕೊಂದು ವರ್ಷ ಎಂದು ನಮ್ಮ ಲೆಕ್ಕ. ಮಗಳು ಅಷ್ಟು ದಿನ ಕಾಯುತ್ತಾಳಾ ಎಂಬುದನ್ನು ನೀವೇ ಕೇಳಬೇಕು.